‘ಓದುಗರು ಬಯಸುತ್ತಾರೆ’ ಅಂದಿರಲ್ಲ, ಯಾವ ಓದುಗರು?

ನಮಸ್ಕಾರ.

ನೀವು ಕಳಿಸಿದ ‘ಇಂಗ್ಲಿಷಿನ ಐದು ಫ್ಯಾಂಟಸಿ ಕಥಾಪತ್ರಿಕೆಗಳು: ಒಂದು ಸಮೀಕ್ಷೆ’ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಟ್ಟೆ, ಕೊನೆಯ ತನಕ ಕಾಯಿಸುವುದು ಬೇಡ ಅಂತ. ಆದರೆ ‘ಪ್ರಕಟಿಸಲು ಸಾಧ್ಯವಾಗದ್ದಕ್ಕೆ ವಿಷಾದಿಸುತ್ತೇವೆ’ ಎಂಬ ಒಂದು ಸಾಲು ಬರೆದು ಮುಗಿಸಲು ಮನಸ್ಸು ಬರಲಿಲ್ಲ. ನೀವು ಈ ಪತ್ರಿಕೆಗಳನ್ನು ನಿಜವಾಗಿ ಓದಿದ್ದೀರಿ, ಅದು ಗೊತ್ತಾಗುತ್ತದೆ. ಓದಿದ್ದು ಬರಹಕ್ಕೆ ಬಂದಿಲ್ಲ, ಅಷ್ಟೇ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಒರಟು ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಮೂರು ಪ್ಯಾರಾ ತೆಗೆದುಹಾಕಿ. ಪುರಾಣಗಳಿಂದ ಶುರುವಾಗಿ, ಅರೇಬಿಯನ್ ನೈಟ್ಸ್ ದಾಟಿ, ‘ಮನುಷ್ಯನಿಗೆ ಕಲ್ಪನೆ ಎಂದಿನಿಂದಲೂ ಬೇಕು’ ಎಂಬಲ್ಲಿಗೆ ಬರುವ ಆ ದಾರಿ ಎಲ್ಲರೂ ನಡೆದು ಸವೆದದ್ದು. ನಿಮ್ಮ ಬರಹ ಶುರುವಾಗುವುದು ನಾಲ್ಕನೇ ಪ್ಯಾರಾದಲ್ಲಿ.

ನನಗೆ ನಿಜವಾಗಿ ತೊಡಕಾದದ್ದು ಬೇರೆ. ‘ಓದುಗರು ಇದನ್ನು ಬಯಸುತ್ತಾರೆ’, ‘ಇಂದಿನ ಓದುಗ ನಿರೀಕ್ಷಿಸುವುದು ಇದನ್ನೇ’ ಎಂಬ ಮಾತು ಪುಟಕ್ಕೊಮ್ಮೆ ಬರುತ್ತದೆ. ಇಡೀ ಬರಹದಲ್ಲಿ ಒಬ್ಬ ಓದುಗನೂ ಇಲ್ಲ. ನಿಮಗೆ ಇಷ್ಟವಾದದ್ದನ್ನು ಓದುಗರ ತಲೆಗೆ ಕಟ್ಟಿದ್ದೀರಿ. ‘ನನಗೆ ಇಷ್ಟವಾಯಿತು’ ಅಂತಲೇ ಬರೆಯಿರಿ, ತಪ್ಪೇನಿಲ್ಲ. ಓದುಗರ ಹೆಸರು ಹೇಳುವುದಾದರೆ ಅವರು ಏನು ಹೇಳಿದ್ದಾರೆ ಅಂತ ಹುಡುಕಬೇಕು. ಈ ಪತ್ರಿಕೆಗಳ ಮಟ್ಟಿಗೆ ಅದು ಕಷ್ಟವೂ ಅಲ್ಲ. ಫ್ಯಾಂಟಸಿ ಓದುಗರು ಸುಮ್ನೆ ಇರುವ ಜನ ಅಲ್ಲ.

‘ವಿಯರ್ಡ್ ಟೇಲ್ಸ್’ ಬಗ್ಗೆ ನೀವು ಬರೆದದ್ದನ್ನೇ ತೆಗೆದುಕೊಳ್ಳಿ. 1923ರಲ್ಲಿ ಶುರುವಾದ ಈ ಪತ್ರಿಕೆಯ ಓದುಗರು ಲವ್‌ಕ್ರಾಫ್ಟ್ ಮತ್ತು ರಾಬರ್ಟ್ ಹೋವರ್ಡ್ ಕಥೆಗಳಿಗಾಗಿ ಹಪಹಪಿಸುತ್ತಿದ್ದರು ಅಂತ ಬರೆದಿದ್ದೀರಿ. ಇವರಿಬ್ಬರಿಗೂ ಅಭಿಮಾನಿಗಳಿದ್ದರು, ನಿಜ. ಆದರೆ ಆ ಕಾಲದ ಓದುಗರ ಅಚ್ಚುಮೆಚ್ಚಿನ ಲೇಖಕ ಸೀಬರಿ ಕ್ವಿನ್. ದೆವ್ವ, ಮಾಟ, ಶಾಪ ಎಲ್ಲವನ್ನೂ ಬಿಡಿಸುವ ಒಬ್ಬ ಫ್ರೆಂಚ್ ಪತ್ತೇದಾರನನ್ನು ಇಟ್ಟುಕೊಂಡು ಆತ ವರ್ಷಗಟ್ಟಲೆ ಕಥೆ ಬರೆದ. ಇಂದು ಆತನನ್ನು ಹುಡುಕಿಕೊಂಡು ಓದುವವರು ಕಡಿಮೆ. ಆ ಕಾಲದಲ್ಲಿ ಪತ್ರಿಕೆ ಕೊಳ್ಳುತ್ತಿದ್ದವರಿಗೆ ಮಾತ್ರ ಆತ ಬೇಕೇ ಬೇಕಾಗಿದ್ದ. ಅದೇ ಪತ್ತೇದಾರ, ಅದೇ ಊರು, ಹೊಸ ದೆವ್ವ. ಸಂಪಾದಕ ಫಾರ್ನ್ಸ್‌ವರ್ತ್ ರೈಟ್ 1924ರಿಂದ 1940ರ ತನಕ ಕುರ್ಚಿಯಲ್ಲಿದ್ದವರು. ಲವ್‌ಕ್ರಾಫ್ಟನ ‘ದಿ ಕಾಲ್ ಆಫ್ ಕ್ತುಲ್ಹು’ವನ್ನು ಅವರು ಮೊದಲು ವಾಪಸ್ ಕಳಿಸಿದ್ದರು. ಆಮೇಲೆ ಮನಸ್ಸು ಬದಲಿಸಿ 1928ರ ಫೆಬ್ರವರಿ ಸಂಚಿಕೆಯಲ್ಲಿ ಹಾಕಿದರು. 1931ರಲ್ಲಿ ಆತನ ಇನ್ನೊಂದು ದೀರ್ಘ ಕಥೆಯನ್ನು ಬೇಡವೇ ಬೇಡ ಅಂದರು. ಅದು 1936ರಲ್ಲಿ ಬೇರೆ ಪತ್ರಿಕೆಯಲ್ಲಿ ಬಂತು.

ಈಗ ಹೇಳಿ, ಓದುಗರು ಬಯಸಿದ್ದು ಏನನ್ನು? ತಿಂಗಳು ತಿಂಗಳು ಕಾಸು ಕೊಟ್ಟು ಕೊಂಡದ್ದು ಒಂದು, ನೂರು ವರ್ಷವಾದ ಮೇಲೆ ನೆನಪಲ್ಲಿ ಉಳಿದದ್ದು ಇನ್ನೊಂದು. ನೀವು ಎರಡನೆಯದನ್ನು ಹಿಡಿದು ಮೊದಲನೆಯದರ ಬಗ್ಗೆ ತೀರ್ಪು ಕೊಟ್ಟಿದ್ದೀರಿ. ಆ ಪತ್ರಿಕೆಯಲ್ಲಿ ‘ದಿ ಐರಿ’ ಎಂಬ ಓದುಗರ ಪತ್ರಗಳ ಅಂಕಣವಿತ್ತು. ಮೂವತ್ತರ ದಶಕದಲ್ಲಿ ಮಾರ್ಗರೆಟ್ ಬ್ರಂಡೇಜ್ ಬರೆದ ಮುಖಪುಟಗಳ ಬಗ್ಗೆ, ಅದರಲ್ಲೂ ಬಟ್ಟೆ ಕಡಿಮೆಯಿದ್ದ ಹೆಂಗಸರ ಚಿತ್ರಗಳ ಬಗ್ಗೆ, ಅಲ್ಲಿ ಓದುಗರು ಜಗಳವಾಡಿದ್ದಾರೆ. ಬೇಕು ಅನ್ನುವವರು, ಬೇಡ ಅನ್ನುವವರು, ಇಬ್ಬರೂ ಆ ಪತ್ರಿಕೆಯ ಓದುಗರೇ. ‘ಓದುಗರು’ ಅನ್ನುವವರು ಒಬ್ಬರಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಿಮಗೆ ಸಿಗುವುದಿಲ್ಲ. ಅದನ್ನು ಬಿಟ್ಟು ‘ಆಕರ್ಷಕ ಮುಖಪುಟಗಳು ಓದುಗರ ಮನಸೆಳೆದವು’ ಅಂತ ಬರೆದಿದ್ದೀರಲ್ಲ!

ಇನ್ನು ಅಳತೆಗೋಲಿನ ವಿಷಯ. ಐದು ಪತ್ರಿಕೆಗಳನ್ನೂ ಒಂದೇ ಕೋಲಿನಿಂದ ಅಳೆದಿದ್ದೀರಿ. ‘ಬಿನೀತ್ ಸೀಸ್‌ಲೆಸ್ ಸ್ಕೈಸ್’ನಲ್ಲಿ ಇಂದಿನ ನಗರದ ಬದುಕು ಕಾಣುವುದಿಲ್ಲ ಅಂತ ಎರಡು ಸ್ಟಾರ್ ಕಳೆದಿದ್ದೀರಿ. ಸ್ಕಾಟ್ ಆಂಡ್ರೂಸ್ 2008ರಲ್ಲಿ ಆ ಪತ್ರಿಕೆ ಶುರುಮಾಡಿದ್ದೇ ಬೇರೆ ಲೋಕದ ಕಥೆಗಳಿಗಾಗಿ. ಬರಹಗಾರರಿಗೆ ಕೊಟ್ಟ ಸೂಚನೆಯಲ್ಲೇ ಅದಿದೆ: ಇನ್ನೊಂದು ಲೋಕದಲ್ಲಿ ನಡೆಯಬೇಕು, ಇಲ್ಲವೇ ಹಳೆಯ ಕಾಲದಲ್ಲಿ. ಇಂದಿನ ನಗರದ ಕಥೆ ಬೇಕಾದವರು ಆ ಬಾಗಿಲು ತಟ್ಟುವುದೇ ಇಲ್ಲ. ನೀವು ಮೀನಿನಂಗಡಿಗೆ ಹೋಗಿ ತರಕಾರಿ ಇಲ್ಲ ಅಂತ ದೂರಿದ್ದೀರಿ.

ಅದೇ ಪತ್ರಿಕೆ ಎರಡು ವಾರಕ್ಕೊಂದು ಸಂಚಿಕೆ ತರುತ್ತದೆ, ಸಂಚಿಕೆಗೆ ಸಾಮಾನ್ಯವಾಗಿ ಎರಡು ಕಥೆ. ಎರಡೇ ಕಥೆ ಅಂದಮೇಲೆ ಯಾವುದರ ಪಕ್ಕ ಯಾವುದನ್ನು ಇಟ್ಟರು ಅನ್ನುವುದನ್ನು ನೋಡಬೇಕಲ್ವಾ? ಎರಡರಲ್ಲೂ ಮಾತು ಬಾರದ ಪಾತ್ರವಿದೆಯೇ, ಎರಡೂ ಯುದ್ಧ ಮುಗಿದ ಮೇಲಿನ ಕಥೆಗಳೇ? ಸಂಪಾದಕನ ಕೈ ಕಾಣುವುದು ಅಲ್ಲಿ. ನೀವು ಕಥೆಗಳನ್ನು ಬಿಡಿಸಿ ಬೇರೆ ಬೇರೆ ಪ್ಯಾರಾದಲ್ಲಿ ಇಟ್ಟುಬಿಟ್ಟಿರಿ. ಹಾಗೆ ಮಾಡಿದರೆ ಅದು ಎರಡು ಕಥೆಗಳ ವಿಮರ್ಶೆ, ಪತ್ರಿಕೆಯ ವಿಮರ್ಶೆ ಅಲ್ಲ.

‘ಫ್ಯಾಂಟಸಿ ಅಂಡ್ ಸೈನ್ಸ್ ಫಿಕ್ಷನ್’ ಪತ್ರಿಕೆಯಲ್ಲಿ ‘ವಿಜ್ಞಾನ ಕಥೆಗಳು ನುಸುಳಿವೆ’ ಎಂಬ ಸಾಲು ಓದಿ ನಗು ಬಂತು, ಕ್ಷಮಿಸಿ. ಹೆಸರಲ್ಲೇ ಇದೆ. 1949ರ ಮೊದಲ ಸಂಚಿಕೆ ‘ದಿ ಮ್ಯಾಗಜೀನ್ ಆಫ್ ಫ್ಯಾಂಟಸಿ’ ಅಂತ ಮಾತ್ರ ಬಂದಿತ್ತು. ಎರಡನೇ ಸಂಚಿಕೆಗೇ ಸಂಪಾದಕರಾದ ಬೌಷರ್ ಮತ್ತು ಮ್ಯಾಕೊಮಸ್ ಹೆಸರು ಉದ್ದಮಾಡಿದರು. ಅಲ್ಲಿಂದಾಚೆ ಎರಡೂ ಬಗೆಯ ಕಥೆಗಳು ಒಂದೇ ರಟ್ಟಿನೊಳಗೆ ಇರುವುದೇ ಅದರ ಗುಣ. ಡೇನಿಯಲ್ ಕೀಸ್ ಬರೆದ ‘ಫ್ಲವರ್ಸ್ ಫಾರ್ ಆಲ್ಜರ್‌ನಾನ್’ 1959ರ ಏಪ್ರಿಲ್‌ನಲ್ಲಿ ಅಲ್ಲೇ ಬಂತು. ಸ್ಟೀಫನ್ ಕಿಂಗ್‌ನ ‘ದಿ ಗನ್‌ಸ್ಲಿಂಗರ್’ 1978ರ ಅಕ್ಟೋಬರ್‌ನಲ್ಲಿ ಅಲ್ಲೇ ಬಂತು. ಒಂದರಲ್ಲಿ ಪ್ರಯೋಗಾಲಯ, ಇನ್ನೊಂದರಲ್ಲಿ ಮರುಭೂಮಿ, ಬಂದೂಕು, ಮಂತ್ರವಾದಿ. ಈ ಪತ್ರಿಕೆ ಹಿಡಿದವನು ಮುಂದಿನ ಪುಟದಲ್ಲಿ ಏನು ಬರುತ್ತದೋ ಗೊತ್ತಿಲ್ಲದೆಯೇ ಹಿಡಿಯುತ್ತಾನೆ. ನೀವು ಕೇಳಬೇಕಿದ್ದ ಪ್ರಶ್ನೆ, ಆ ಬೆರಕೆ ಈಗಲೂ ಚೆನ್ನಾಗಿ ಕೂಡುತ್ತಿದೆಯೇ ಅಂತ.

ನನ್ನ ಮಾತು ಇಷ್ಟೇ. ಪ್ರತಿ ಪತ್ರಿಕೆಯೂ ಓದುಗನಿಗೆ ಒಂದು ಮಾತು ಕೊಟ್ಟಿರುತ್ತದೆ. ವಿಮರ್ಶಕ ಮೊದಲು ಆ ಮಾತು ಯಾವುದು ಅಂತ ಕಂಡುಕೊಳ್ಳಬೇಕು. ಆಮೇಲೆ ಈ ಸಂಚಿಕೆ ಅದನ್ನು ಉಳಿಸಿಕೊಂಡಿತೇ ಅಂತ ಹೇಳಬೇಕು. ಮಾತೇ ಸಣ್ಣದು, ಹಳಸಿದ್ದು ಅನ್ನಿಸಿದರೆ ಅದನ್ನೂ ಹೇಳಬಹುದು. ಕೊಡದ ಮಾತಿಗೆ ಮಾತ್ರ ಶಿಕ್ಷೆ ಕೊಡಬಾರದು.

‘ಚಂದಮಾಮ’ ಇದನ್ನೆಲ್ಲ ಎಂದೋ ಮಾಡಿತ್ತು ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಬೇತಾಳನ ಕಥೆಗಳನ್ನು ನೆನಪಿಸಿಕೊಳ್ಳಿ. ರಾಜ ಬಾಯಿ ಬಿಡುತ್ತಾನೆ, ಮೌನ ಮುರಿಯುತ್ತದೆ, ಬೇತಾಳ ಶವದ ಸಮೇತ ಮರಕ್ಕೆ ಹಾರುತ್ತದೆ. ಪ್ರತಿ ತಿಂಗಳೂ ಹೀಗೇ ಅಂತ ಓದುವ ಮಕ್ಕಳಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಕಾಯುತ್ತಿದ್ದೆವು. ಚೌಕಟ್ಟು ಬದಲಾಗಬಾರದು, ಒಳಗಿನ ಒಗಟು ಮಾತ್ರ ಹೊಸದಿರಬೇಕು. ಓದುಗರು ‘ಹೊಸತನ ಬಯಸುತ್ತಾರೆ’ ಎಂಬ ನಿಮ್ಮ ಮಾತಿಗೆ ಇದು ನೇರ ಉತ್ತರ. ಸೀಬರಿ ಕ್ವಿನ್‌ನ ಪಕ್ಕದಲ್ಲಿ ಬೇತಾಳನನ್ನು ಇಟ್ಟು ಒಂದು ಪ್ಯಾರಾ ಬರೆದಿದ್ದರೆ ನಾನು ಉಳಿದ ತಪ್ಪುಗಳಲ್ಲಿ ಅರ್ಧವನ್ನು ಸುಮ್ಮನೆ ನುಂಗಿಕೊಳ್ಳುತ್ತಿದ್ದೆ.

ಹೊಸತನದ ಬಗ್ಗೆ ಬರೆಯಲೇಬೇಕು ಅಂದರೆ ‘ಸ್ಟ್ರೇಂಜ್ ಹೊರೈಜನ್ಸ್’ ಒಳ್ಳೆಯ ದಾರಿ. 2000ದಿಂದ ನಡೆಯುತ್ತಿರುವ, ಸ್ವಯಂಸೇವಕರು ನಡೆಸುವ ವಾರಪತ್ರಿಕೆ. ತಮ್ಮ ಮೇಜಿಗೆ ಮತ್ತೆ ಮತ್ತೆ ಬಂದು ಸಾಕಾಗಿಹೋದ ಕಥೆಗಳದ್ದೇ ಒಂದು ಪಟ್ಟಿಯನ್ನು ಅವರು ಬರಹಗಾರರಿಗಾಗಿ ಹಾಕಿದ್ದರು. ‘ಕೊನೆಗೆ ನೋಡಿದರೆ ಎಲ್ಲವೂ ಕನಸು’ ಎಂಬ ಬಗೆಯದೂ ಅದರಲ್ಲಿದೆ. ಆ ಪಟ್ಟಿ ಓದಿದರೆ ಬಹಳ ಓದಿದವರಿಗೆ ಯಾವುದು ಬೇಸರ ತರಿಸುತ್ತದೆ ಅಂತ ತಿಳಿಯುತ್ತದೆ. ಅಲ್ಲಿನ ವಿಮರ್ಶೆಗಳನ್ನೂ ಓದಿ, ವಿಮರ್ಶೆ ಬರೆಯುವ ನಿಮಗೆ ಕಥೆಗಳಿಗಿಂತ ಅವೇ ಜಾಸ್ತಿ ಉಪಯೋಗ.

‘ಅನ್‌ಕ್ಯಾನಿ’ ಬಗ್ಗೆ ಒಂದು ತಪ್ಪು ತಿದ್ದಲೇಬೇಕು. ‘ಸಂಚಿಕೆ ಅರ್ಧಂಬರ್ಧ, ಹಲವು ಕಥೆಗಳೇ ಕಾಣೆ’ ಅಂತ ಬರೆದಿದ್ದೀರಿ. ಎರಡು ತಿಂಗಳಿಗೊಮ್ಮೆ ಬರುವ ಪತ್ರಿಕೆ ಅದು. ಇ-ಬುಕ್ ಕೊಂಡವರಿಗೆ ಇಡೀ ಸಂಚಿಕೆ ಒಟ್ಟಿಗೆ ಸಿಗುತ್ತದೆ. ಪುಕ್ಕಟೆ ಓದುವವರಿಗೆ ಅರ್ಧ ಮೊದಲ ತಿಂಗಳು, ಉಳಿದರ್ಧ ಮುಂದಿನ ತಿಂಗಳು. ನೀವು ಪುಕ್ಕಟೆ ಓದಿದ್ದೀರಿ, ಮೊದಲ ತಿಂಗಳಲ್ಲಿ. ಅದು ತಪ್ಪಲ್ಲ, ನಾನೂ ಎಷ್ಟೋ ಸಲ ಹಾಗೇ ಓದುವುದು. ಆದರೆ ಪತ್ರಿಕೆಯ ಹಣ ಎಲ್ಲಿಂದ ಬರುತ್ತದೆ ಅಂತ ನೋಡದೆ ಅದರ ಮೇಲೆ ದೂರು ಬರೆಯಬಾರದು. 2014ರಲ್ಲಿ ಅದು ಶುರುವಾದದ್ದೇ ಕಿಕ್‌ಸ್ಟಾರ್ಟರ್‌ನಲ್ಲಿ ಓದುಗರು ಮುಂಚೆಯೇ ಕೊಟ್ಟ ದುಡ್ಡಿನಿಂದ. ಒಂದು ಸಂಚಿಕೆಯನ್ನೂ ನೋಡದೆ ದುಡ್ಡು ಕೊಟ್ಟರು ಅಂದಮೇಲೆ ಅವರ ನಿರೀಕ್ಷೆ ಏನಿತ್ತು ಅಂತ ಕೇಳಬಹುದಿತ್ತು.

ಹಣದ ಮಾತು ಬಂದದ್ದಕ್ಕೆ ಇನ್ನೊಂದು. 2023ರಲ್ಲಿ ಅಮೆಜಾನ್ ಕಿಂಡಲ್‌ನ ಪತ್ರಿಕಾ ಚಂದಾ ವ್ಯವಸ್ಥೆಯನ್ನು ನಿಲ್ಲಿಸಿತು. ಅದನ್ನೇ ನೆಚ್ಚಿಕೊಂಡಿದ್ದ ಸಣ್ಣ ಪತ್ರಿಕೆಗಳಿಗೆ ಪೆಟ್ಟು ಬಿತ್ತು. ಅದೇ ವರ್ಷ ಫೆಬ್ರವರಿಯಲ್ಲಿ ‘ಕ್ಲಾರ್ಕ್ಸ್‌ವರ್ಲ್ಡ್’ ಎಂಬ ಕಥಾಪತ್ರಿಕೆ, ಎಐ ಯಂತ್ರದಿಂದ ಬರೆಸಿದ ಕಥೆಗಳ ರಾಶಿ ತಡೆಯಲಾರದೆ ಕಥೆ ಸ್ವೀಕರಿಸುವುದನ್ನೇ ಸ್ವಲ್ಪ ಕಾಲ ನಿಲ್ಲಿಸಿತ್ತು. ‘ಫ್ಯಾಂಟಸಿ ಮ್ಯಾಗಜೀನ್’ 2023ರ ಅಕ್ಟೋಬರ್‌ಗೆ ಮುಚ್ಚಿತು. ‘ಫ್ಯಾಂಟಸಿ ಅಂಡ್ ಸೈನ್ಸ್ ಫಿಕ್ಷನ್’ 2025ರಲ್ಲಿ ಬೇರೆ ಮಾಲೀಕರ ಕೈಗೆ ಹೋಯಿತು. ಈ ಹಿನ್ನೆಲೆ ಎರಡು ಸಾಲಿನಲ್ಲಿ ಇದ್ದರೂ ಸಾಕು. ‘ಸಂಚಿಕೆಗಳು ಸಮಯಕ್ಕೆ ಬರುವುದಿಲ್ಲ’ ಎಂಬ ನಿಮ್ಮ ಗೊಣಗಾಟಕ್ಕೆ ಅರ್ಥ ಬರುತ್ತದೆ.

ಈಗ ಒಳ್ಳೆಯದಕ್ಕೆ ಬರುತ್ತೇನೆ. ನಿಮ್ಮ ಬರಹದ ಆರನೇ ಪುಟದಲ್ಲಿ ಒಂದು ಕಥೆಯ ಬಗ್ಗೆ ಹೀಗೆ ಬರೆದಿದ್ದೀರಿ: ‘ಊರುಗಳ ಹೆಸರು, ವಂಶಗಳ ಹೆಸರು, ಹಳೆಯ ಯುದ್ಧಗಳು ಎಲ್ಲ ಕಲಿತು ಮುಗಿಸುವ ಹೊತ್ತಿಗೆ ಕಥೆಯೇ ಮುಗಿಯಿತು. ನನಗೆ ಮೋಸವಾದಂತಾಯಿತು.’ ಇಡೀ ಬರಹದಲ್ಲಿ ನೀವು ನಿಜವಾಗಿ ಮಾತಾಡಿದ್ದು ಇಲ್ಲಿ. ಸಣ್ಣ ಫ್ಯಾಂಟಸಿ ಕಥೆಯ ದೊಡ್ಡ ಕಷ್ಟ ಇದೇ. ವಿಜ್ಞಾನ ಕಥೆ, ಫ್ಯಾಂಟಸಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯ ಲೆಕ್ಕದಲ್ಲಿ ಸಣ್ಣಕಥೆ ಅಂದರೆ 7,500 ಪದಗಳ ಒಳಗೆ. ಅಷ್ಟರಲ್ಲಿ ಒಂದು ಲೋಕ ಕಟ್ಟಬೇಕು, ಅದರ ಕಟ್ಟಳೆ ತಿಳಿಸಬೇಕು, ಅದರೊಳಗೆ ಯಾರಿಗೋ ಏನೋ ಆಗಬೇಕು. ಓದುಗ ಬಯಸುವುದು ಇಡಿಯಾದ ಕಥೆಯನ್ನು. ಕೈಗೆ ಸಿಗುವುದು ಹಲವು ಸಲ ಕಾದಂಬರಿಯ ಮೊದಲ ಅಧ್ಯಾಯ.

ಇದನ್ನು ಚೆನ್ನಾಗಿ ಮಾಡಿದ್ದಕ್ಕೆ ಉದಾಹರಣೆ ಬೇಕಾದರೆ ಉರ್ಸುಲಾ ಲೆ ಗ್ವಿನ್‌ರ ‘ದಿ ರೂಲ್ ಆಫ್ ನೇಮ್ಸ್’ ಓದಿ. 1964ರಲ್ಲಿ ‘ಫೆಂಟಾಸ್ಟಿಕ್’ ಪತ್ರಿಕೆಯಲ್ಲಿ ಬಂದದ್ದು. ಅವರು ಕಟ್ಟಿದ ಅರ್ಥ್‌ಸೀ ಎಂಬ ಲೋಕ ಮೊದಲು ಕಾಣಿಸಿಕೊಂಡ ಎರಡು ಕಥೆಗಳಲ್ಲಿ ಅದೂ ಒಂದು, ಆ ಲೋಕದ ಮೊದಲ ಕಾದಂಬರಿ ಬಂದದ್ದು 1968ರಲ್ಲಿ. ಒಂದು ಸಣ್ಣ ದ್ವೀಪ, ಮಂತ್ರ ಅಷ್ಟಕ್ಕಷ್ಟೇ ಬರುವ ಒಬ್ಬ ಮಂತ್ರವಾದಿ, ಒಂದೇ ಒಂದು ಕಟ್ಟಳೆ: ನಿಜವಾದ ಹೆಸರು ಗೊತ್ತಾದವನಿಗೆ ಹೆಸರಿನವನ ಮೇಲೆ ಹಿಡಿತ ಸಿಗುತ್ತದೆ. ಆ ಕಟ್ಟಳೆಯನ್ನು ಶಾಲೆಯ ಮಕ್ಕಳ ಪಾಠದಲ್ಲಿ ಹೇಳಿ ಮುಗಿಸುತ್ತಾರೆ. ಮುಂದೆ ಇಡೀ ಕಥೆ ಅದರ ಮೇಲೆಯೇ ತಿರುಗುತ್ತದೆ. ಹೇಗೆ ಅಂತ ನಾನು ಹೇಳುವುದಿಲ್ಲ. ನೀವು ನಾಲ್ಕು ಕಥೆಗಳ ಕೊನೆಯನ್ನು ಬಯಲು ಮಾಡಿದ್ದಕ್ಕೆ ಬೈಯಬೇಕು ಅಂತಲೇ ಕೂತಿದ್ದೇನೆ.

ಹೌದು, ಅದನ್ನೂ ನಿಲ್ಲಿಸಿ. ಕಥೆಯ ಸಾರಾಂಶ ಎರಡು ವಾಕ್ಯ ಸಾಕು. ಸ್ಟಾರ್‌ಗಳೂ ಬೇಡ. ಮೂರೂವರೆ ಸ್ಟಾರ್ ಅಂದರೆ ಏನು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ‘ಈ ಕಥೆಗಳು ಓದುಗನನ್ನು ಬೇರೆಯೇ ಲೋಕಕ್ಕೆ ಕರೆದೊಯ್ಯುತ್ತವೆ’ ಎಂಬಂಥ ವಾಕ್ಯ ಯಾವ ಪತ್ರಿಕೆಯ ಯಾವ ಸಂಚಿಕೆಗೂ ಅಂಟುತ್ತದೆ, ಹಾಗಾಗಿ ಯಾವುದಕ್ಕೂ ಅಂಟುವುದಿಲ್ಲ. ಅದರ ಬದಲು ಆ ಲೋಕದಲ್ಲಿ ನಿಮಗೆ ಮೊದಲು ಕಂಡದ್ದೇನು ಅಂತ ಬರೆಯಿರಿ.

ಮತ್ತೆ ಬರೆಯುವುದಾದರೆ ಐದು ಪತ್ರಿಕೆ ಬೇಡ, ಎರಡು ಸಾಕು. ‘ವಿಯರ್ಡ್ ಟೇಲ್ಸ್’ ಇಟ್ಟುಕೊಳ್ಳಿ, ಜೊತೆಗೆ ಈಗಿನದೊಂದು. ನನ್ನ ಆಯ್ಕೆಯಾದರೆ ‘ಬಿನೀತ್ ಸೀಸ್‌ಲೆಸ್ ಸ್ಕೈಸ್’. ಅದರ ಕಥೆಗಳು ಪುಕ್ಕಟೆ ಸಿಗುತ್ತವೆ, ಕೆಲವನ್ನು ಪಾಡ್‌ಕಾಸ್ಟ್‌ನಲ್ಲಿ ಕೇಳಲೂಬಹುದು. ನಮ್ಮ ಓದುಗರು ನಿಮ್ಮ ಬರಹ ಮುಗಿಸಿ ಅದೇ ರಾತ್ರಿ ಫೋನಿನಲ್ಲಿ ಒಂದು ಕಥೆ ಓದಿ, ನಿಮ್ಮ ಜೊತೆ ಜಗಳಕ್ಕೆ ಬರಬಹುದು. ಒಂದೇ ಸಂಚಿಕೆ ನೋಡಿ ತೀರ್ಪು ಕೊಡಬೇಡಿ, ಸಾಲಾಗಿ ನಾಲ್ಕೈದು ಓದಿ. 1,200 ಪದ ಮೀರದಿರಲಿ. ಮುಖಪುಟದ ಚಿತ್ರಗಳನ್ನು ನೀವು ಕಳಿಸುವುದು ಬೇಡ, ಅನುಮತಿ ಕೇಳುವುದು ನಮ್ಮ ಕೆಲಸ. ಬೇತಾಳನ ಪ್ಯಾರಾ ಮಾತ್ರ ಮರೆಯಬೇಡಿ.

ಇಂತಿ,
ಸಂಪಾದಕ