ಅನುದಾನ ನಿಂತ ಮೇಲೆ ಸಂಘದ ಬಾಗಿಲು ತೆರೆದಿಡುವುದು ಹೇಗೆ?

ಸಣ್ಣ ಉದ್ಯಮಗಳಿಗೆ ನೆರವಾಗುವ ಸಂಘ–ಸಂಸ್ಥೆಗಳಿಂದ ಬಂದ ಪ್ರಶ್ನೆಗಳಿಗೆ ಈ ಸಲದ ಉತ್ತರಗಳು.

ಪ್ರಶ್ನೆ: ನಮ್ಮದು ತಾಲ್ಲೂಕು ಮಟ್ಟದ ಸಣ್ಣ ಕೈಗಾರಿಕೆಗಳ ಸಂಘ. 120 ಸದಸ್ಯರಿದ್ದಾರೆ, ವರ್ಷಕ್ಕೆ 1,000 ರೂಪಾಯಿ ಚಂದಾ. ಸರ್ಕಾರಿ ತರಬೇತಿ ಕಾರ್ಯಕ್ರಮಗಳಿಂದ ಬರುತ್ತಿದ್ದ ಹಣದಲ್ಲೇ ಬಾಡಿಗೆ, ಗುಮಾಸ್ತರ ಸಂಬಳ ಸಾಗುತ್ತಿತ್ತು. ಈಗ ಅದು ನಿಂತಿದೆ. ತಿಂಗಳ ಖರ್ಚು 35,000. ಚಂದಾ ಏರಿಸಿದರೆ ಸದಸ್ಯರು ಬಿಟ್ಟುಹೋಗುತ್ತಾರೆಂಬ ಭಯ. ಏನು ಮಾಡಲಿ? – ಸಂಘದ ಕಾರ್ಯದರ್ಶಿ, ತುಮಕೂರು ಜಿಲ್ಲೆ

ಉತ್ತರ: ವರ್ಷದ ಖರ್ಚು 4.2 ಲಕ್ಷ, ಚಂದಾ 1.2 ಲಕ್ಷ. ಬೇಕಿರುವುದು 3 ಲಕ್ಷ. ಇನ್ನೊಂದು ಅನುದಾನ ಹುಡುಕುವ ಮುಂಚೆ, ನಿಮ್ಮ ಸದಸ್ಯರ ದುಡ್ಡು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ನೋಡಿ. ಸಣ್ಣ ವರ್ಕ್‌ಶಾಪ್‌ಗಳಲ್ಲಿ ಅದು ಸಾಮಾನ್ಯವಾಗಿ ದೊಡ್ಡ ಕಂಪನಿಗಳು ಕೊಡದೆ ಉಳಿಸಿಕೊಂಡ ಬಿಲ್ಲಿನಲ್ಲಿರುತ್ತದೆ. ಬಾಕಿ ವಸೂಲಿಗೆ ಕಡತ ಸಿದ್ಧಪಡಿಸಿಕೊಡುವ ಸೇವೆಯನ್ನು ಸಂಘ ಶುರುಮಾಡಲಿ.

2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ನಿಮ್ಮ ಬೆನ್ನಿಗಿದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಮಾಲು ಪಡೆದವರು, ಲಿಖಿತ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು. ಆ ಅವಧಿ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಎಂದಿಟ್ಟುಕೊಂಡರೆ ಬಡ್ಡಿ ಶೇ 18. 4 ಲಕ್ಷದ ಬಿಲ್ಲು ಹತ್ತು ತಿಂಗಳು ತಡವಾದರೆ ಬಡ್ಡಿಯೇ ಸುಮಾರು 64,000 ರೂಪಾಯಿ. ಇದರ ಜೊತೆಗೆ, ಅವಧಿ ಮೀರಿ ಉಳಿಸಿಕೊಂಡ ಮೊತ್ತವನ್ನು ಖರೀದಿದಾರರು ಆ ವರ್ಷದ ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ. ಈ ನಿಯಮ ಬಂದದ್ದು 2024ರ ಏಪ್ರಿಲ್‌ನಿಂದ. ಸಂಘದ ಲೆಟರ್‌ಹೆಡ್‌ನಲ್ಲಿ ಇವೆರಡನ್ನೂ ಕಾಣಿಸಿ ಬಡ್ಡಿ ಲೆಕ್ಕ ಲಗತ್ತಿಸಿದ ಪತ್ರವೇ ಮೊದಲ ಹೆಜ್ಜೆ. ಅದಕ್ಕೂ ಬಗ್ಗದಿದ್ದರೆ, ಇಂಥ ಬಾಕಿ ವ್ಯಾಜ್ಯ ತೀರ್ಮಾನಿಸಲು ಇದೇ ಕಾಯ್ದೆಯಡಿ ಇರುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಆನ್‌ಲೈನ್ ದೂರು. ಕೌನ್ಸಿಲ್ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಖರೀದಿದಾರರು ಮೊದಲು ಶೇ 75ರಷ್ಟು ಹಣ ಠೇವಣಿ ಇಡಬೇಕು.

ಕಡತ ಬಿದ್ದುಹೋಗುವುದು ಹೆಚ್ಚಾಗಿ ಒಂದು ಚೀಟಿಯಿಂದ, ಅದು ಮಾಲಿನ ಜೊತೆ ಹೋಗುವ ಡೆಲಿವರಿ ಚಲನ್. ಗೇಟಿನಲ್ಲಿ ಸೆಕ್ಯುರಿಟಿಯವರು ಗೀಚಿದ ಸಹಿ ಇರುತ್ತದೆ, ತಾರೀಖು ಇರುವುದಿಲ್ಲ, ಸ್ಟೋರ್ಸ್‌ನ ಮೊಹರು ಇರುವುದಿಲ್ಲ. ದಿನ ಎಣಿಸುವುದೇ ಮಾಲು ತಲುಪಿದ ದಿನದಿಂದ. ಆ ದಿನಕ್ಕೆ ಪುರಾವೆ ಇಲ್ಲದಿದ್ದರೆ ಬಡ್ಡಿ ಎಲ್ಲಿಂದ ಶುರು? ಇನ್ನೊಂದು ಎಚ್ಚರಿಕೆ: ಮಾಲು ಸರಿಯಿಲ್ಲವೆಂದು ಖರೀದಿದಾರರು 15 ದಿನದೊಳಗೆ ಬರೆದು ತಿಳಿಸಿದ್ದರೆ, ಆ ತಕರಾರು ಬಗೆಹರಿದ ದಿನದಿಂದ ಎಣಿಕೆ. ಆಮೇಲೆ ಎತ್ತುವ ತಕರಾರಿಗೆ ಈ ಬಲವಿಲ್ಲ. ಹಾಗಾಗಿ ಪ್ರತಿ ಕಡತದಲ್ಲಿ ಖರೀದಿ ಆದೇಶ, ತಾರೀಖು–ಮೊಹರಿರುವ ಚಲನ್, ಇನ್‌ವಾಯ್ಸ್, ಲೆಡ್ಜರ್, ಉದ್ಯಮ್ ಪ್ರಮಾಣಪತ್ರ (ಸಣ್ಣ ಉದ್ಯಮವೆಂದು ಸರ್ಕಾರದಲ್ಲಿ ನೋಂದಾಯಿಸಿದ್ದಕ್ಕೆ ಸಿಗುವ ಪತ್ರ) ಇರಲಿ. ಮಾಲು ಕಳಿಸುವುದಕ್ಕೆ ಮುಂಚೆಯೇ ಉದ್ಯಮ್ ನೋಂದಣಿ ಆಗಿರಬೇಕು, ಆಮೇಲೆ ಮಾಡಿಸಿದ್ದನ್ನು ನಂಬಿ ದೂರು ಹಾಕಬೇಡಿ. ಬರೀ ವ್ಯಾಪಾರ ಮಾಡುವವರಿಗೆ, ಮಧ್ಯಮ ಉದ್ಯಮಗಳಿಗೆ ಈ ರಕ್ಷಣೆ ಸಿಗುವುದಿಲ್ಲ. ಅವರಿಂದ ಶುಲ್ಕ ಪಡೆಯುವುದಕ್ಕೆ ಮುಂಚೆಯೇ ಇದನ್ನು ಹೇಳಿಬಿಡಿ.

ಕಡತಕ್ಕೆ 3,000 ರೂಪಾಯಿಯಂತೆ ತಿಂಗಳಿಗೆ ಐದು ಕಡತ ಎಂದರೆ ವರ್ಷಕ್ಕೆ 1.8 ಲಕ್ಷ. ವಸೂಲಾದ ಹಣದಲ್ಲಿ ಪಾಲು ಕೇಳಬೇಡಿ. ತೀರ್ಪಿಗೆ ತಿಂಗಳುಗಟ್ಟಲೆ ಕಾಯುವಾಗ ನಿಮ್ಮ ಬಾಡಿಗೆ ಕಾಯುವುದಿಲ್ಲ, ಮತ್ತು ಸಂಘ ವಸೂಲಿ ಏಜೆಂಟ್ ಅನ್ನಿಸಿಕೊಳ್ಳಬಾರದು. ಉಳಿದ 1.2 ಲಕ್ಷಕ್ಕೆ ಚಂದಾ 2,000 ಆಗಬೇಕು. ಒಬ್ಬಿಬ್ಬರ ಸಿಕ್ಕಿಬಿದ್ದ ಹಣ ಕೈಸೇರಿದ ಮೇಲೆ ಈ ಏರಿಕೆಯ ಪ್ರಸ್ತಾವವನ್ನು ಸರ್ವಸದಸ್ಯರ ಸಭೆಯಲ್ಲಿ ಇಡಿ, ಅದಕ್ಕೆ ಮುಂಚೆ ಬೇಡ.

ಪ್ರಶ್ನೆ: ನಮ್ಮ ರೈತ ಉತ್ಪಾದಕ ಕಂಪನಿಗೆ ಕೇಂದ್ರದ ಯೋಜನೆಯಡಿ ಮೂರು ವರ್ಷ ಬಂದ ನಿರ್ವಹಣಾ ವೆಚ್ಚ ಮುಗಿಯಿತು. 400 ಷೇರುದಾರರಿದ್ದಾರೆ. ಸಿಇಒ ಬಿಟ್ಟುಹೋಗುವ ಮಾತಾಡುತ್ತಿದ್ದಾರೆ. – ನಿರ್ದೇಶಕರು, ಕಲಬುರಗಿ ಜಿಲ್ಲೆ

ಉತ್ತರ: 2020ರಲ್ಲಿ ಶುರುವಾದ 10,000 ಎಫ್‌ಪಿಒ (ರೈತ ಉತ್ಪಾದಕ ಸಂಸ್ಥೆ) ಯೋಜನೆಯಲ್ಲಿ ಪ್ರತಿ ಕಂಪನಿಗೆ ಮೂರು ವರ್ಷಕ್ಕೆ ಗರಿಷ್ಠ 18 ಲಕ್ಷ ರೂಪಾಯಿ. ಅದು ಮುಗಿಯುವ ದಿನ ಮೊದಲೇ ಗೊತ್ತಿತ್ತು, ಆದರೂ ಹೆಚ್ಚಿನ ಕಡೆ ವಹಿವಾಟಿನ ಲೆಕ್ಕ ಹಾಕಿಯೇ ಇರುವುದಿಲ್ಲ. ಈಗಲಾದರೂ ಹಾಕಿ. ಸಿಇಒ, ಲೆಕ್ಕಿಗ, ಬಾಡಿಗೆ ಸೇರಿ ತಿಂಗಳಿಗೆ 40,000 ಎಂದರೆ ವರ್ಷಕ್ಕೆ 4.8 ಲಕ್ಷ. ಗೊಬ್ಬರ, ಬೀಜ ಮಾರಿ ಶೇ 3 ಉಳಿದರೆ ಇಷ್ಟು ಸಂಪಾದಿಸಲು 1.6 ಕೋಟಿ ವಹಿವಾಟು ಬೇಕು, ಅಂದರೆ ಷೇರುದಾರರೊಬ್ಬರಿಂದ 40,000. ಗೊಬ್ಬರವೊಂದರಿಂದಲೇ ಅಷ್ಟು ಆಗುವುದಿಲ್ಲ. ನಿಮ್ಮ ಕಡೆ ತೊಗರಿ ಇದೆ. ಸ್ವಚ್ಛಗೊಳಿಸಿ, ಗ್ರೇಡ್ ಮಾಡಿ, ಒಟ್ಟಾಗಿ ಲಾರಿ ಲೋಡ್ ಲೆಕ್ಕದಲ್ಲಿ ಮಾರಿದರೆ ಉಳಿಯುವ ಅಂಶ ಹೆಚ್ಚು.

ಷೇರುಧನಕ್ಕೆ ಸರಿಸಮ ಅನುದಾನ ಸಿಗುತ್ತದೆ: ರೈತರೊಬ್ಬರಿಗೆ 2,000 ರೂಪಾಯಿವರೆಗೆ, ಕಂಪನಿಗೆ ಗರಿಷ್ಠ 15 ಲಕ್ಷ. ಅದನ್ನು ಪೂರ್ತಿ ಪಡೆದಿದ್ದೀರಾ, ನೋಡಿ. ಅದು ದುಡಿಮೆ ಬಂಡವಾಳ, ಸಂಬಳಕ್ಕೆ ಕರಗಿಸಬೇಡಿ. ಹಣವಿಲ್ಲವೆಂದು ಲೆಕ್ಕಪತ್ರ ಸಲ್ಲಿಸುವುದನ್ನು ಮಾತ್ರ ನಿಲ್ಲಿಸಬೇಡಿ. ಕಂಪನಿ ರಿಜಿಸ್ಟ್ರಾರರಿಗೆ ವಾರ್ಷಿಕ ಫಾರಂ ತಡವಾದರೆ ಒಂದೊಂದಕ್ಕೂ ದಿನಕ್ಕೆ 100 ರೂಪಾಯಿ. ಸತತ ಮೂರು ವರ್ಷ ಬಿಟ್ಟರೆ ನಿರ್ದೇಶಕರೇ ಅನರ್ಹರಾಗುತ್ತಾರೆ.

ಪ್ರಶ್ನೆ: ಹಳ್ಳಿ ಮಹಿಳೆಯರ ಕಿರು ಉದ್ಯಮಗಳಿಗೆ ತರಬೇತಿ ಕೊಡುವ ನೋಂದಾಯಿತ ಸಂಸ್ಥೆ ನಮ್ಮದು. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಕೇಳಬಹುದೇ? – ಓದುಗರು, ಧಾರವಾಡ

ಉತ್ತರ: ಕೇಳಬಹುದು. ಜೀವನೋಪಾಯ ಹೆಚ್ಚಿಸುವ ಕೆಲಸ ಸಿಎಸ್‌ಆರ್ ಕೆಲಸಗಳ ಪಟ್ಟಿಯಾದ 2013ರ ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲೇ ಇದೆ. ಮೂರು ಕಾಗದ ಮೊದಲು ಬೇಕು: ಆದಾಯ ತೆರಿಗೆಯ 12ಎ (ಸಂಸ್ಥೆಗೆ ವಿನಾಯಿತಿ) ಮತ್ತು 80ಜಿ (ದಾನಿಗಳಿಗೆ ರಿಯಾಯಿತಿ) ನೋಂದಣಿ, ಅಂಥದೇ ಕೆಲಸ ಮೂರು ವರ್ಷ ಮಾಡಿದ ದಾಖಲೆ, ಆಮೇಲೆ ಸಿಎಸ್‌ಆರ್ ಹಣ ಪಡೆಯಲು ನೋಂದಾಯಿಸಿಕೊಳ್ಳುವ ಸಿಎಸ್‌ಆರ್-1 ಅರ್ಜಿ. ಸೊಸೈಟಿಯಾಗಿದ್ದರೆ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರವನ್ನು ಸಹಕಾರ ಇಲಾಖೆಯ ರಿಜಿಸ್ಟ್ರಾರರಿಗೆ ಪ್ರತಿ ವರ್ಷ ಸಲ್ಲಿಸಿರಬೇಕು. ಕಂಪನಿಯವರು ಕಡತ ತಿರುವಿದಾಗ ಈ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ.

ಪ್ರಸ್ತಾವದಲ್ಲಿ ‘ಸಂಸ್ಥೆಯ ಆಡಳಿತ ವೆಚ್ಚ’ ಎಂದು ಒಟ್ಟು ಮೊತ್ತ ಬರೆಯಬೇಡಿ. ತರಬೇತುದಾರರು, ಕ್ಷೇತ್ರ ಕಾರ್ಯಕರ್ತೆ, ಓಡಾಟ, ಸಾಮಗ್ರಿ ಎಂದು ಆ ಯೋಜನೆಗೇ ತಗಲುವ ಖರ್ಚನ್ನು ಬಿಡಿಸಿ ತೋರಿಸಿ. ‘200 ಮಹಿಳೆಯರಿಗೆ ತರಬೇತಿ’ ಎನ್ನುವುದಕ್ಕಿಂತ, ಅವರಲ್ಲಿ ಎಷ್ಟು ಮಂದಿ ಆರು ತಿಂಗಳ ನಂತರವೂ ಮಾರಾಟ ಮಾಡುತ್ತಿದ್ದಾರೆ ಎಂಬ ದಾಖಲೆಗೆ ಬೆಲೆ ಹೆಚ್ಚು. ಅದನ್ನು ಇವತ್ತೇ ಒಂದು ಪುಸ್ತಕದಲ್ಲಿ ಬರೆಯಲು ಶುರುಮಾಡಿ.

ಪ್ರಶ್ನೆ: ಟ್ರಸ್ಟ್ ಆಗಿದ್ದುಕೊಂಡು ಸೇವೆಗೆ ಶುಲ್ಕ ಪಡೆದರೆ ತೆರಿಗೆ ವಿನಾಯಿತಿ ಹೋಗುತ್ತದೆಯೇ? – ಓದುಗರು, ಮೈಸೂರು

ಉತ್ತರ: ‘ಸಾರ್ವಜನಿಕ ಉಪಯೋಗ’ದ ವರ್ಗದಲ್ಲಿ ನೋಂದಣಿಯಾಗಿದ್ದರೆ, ವ್ಯಾಪಾರದ ಸ್ವರೂಪದ ಆದಾಯ ಆ ವರ್ಷದ ಒಟ್ಟು ಸ್ವೀಕೃತಿಯ ಶೇ 20 ದಾಟಬಾರದು. ದಾಟಿದರೆ ಆ ವರ್ಷದ ವಿನಾಯಿತಿಗೆ ಕುತ್ತು. ಅನುದಾನ ಕಡಿಮೆಯಾದಾಗ ಶುಲ್ಕ ಅಷ್ಟೇ ಇದ್ದರೂ ಅದರ ಪಾಲು ತಾನಾಗಿ ಏರುತ್ತದೆ, ಅನೇಕರು ಎಡವುವುದು ಇಲ್ಲೇ. ಹಾಗಾಗಿ ಡಿಸೆಂಬರ್‌ನಲ್ಲೇ ಒಮ್ಮೆ ಲೆಕ್ಕ ನೋಡಿ. ಶುಲ್ಕದ ಲೆಕ್ಕ ಬೇರೆ ಪುಸ್ತಕದಲ್ಲಿರಲಿ. ಒಟ್ಟು ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕಾಗುತ್ತದೆ. ಶೇ 20ರ ಮಿತಿ ಹತ್ತಿರವಾಗುತ್ತಿದ್ದರೆ ಶುಲ್ಕದ ಕೆಲಸಕ್ಕೆ ಬೇರೆ ಕಂಪನಿ ಮಾಡುವ ಬಗ್ಗೆ ನಿಮ್ಮ ಆಡಿಟರ್ ಜೊತೆ ಮಾರ್ಚ್‌ಗೆ ಮುಂಚೆಯೇ ಕುಳಿತು ಮಾತಾಡಿ.