ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ? ಮೊದಲು ಪ್ಲಗ್ ಕೀಳಿ

ಬೇಸಗೆ ರಜೆ ಶುರುವಾದರೆ ಸಾಕು, ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಮಗ ರಜೆಯಲ್ಲಿದ್ದಾನೆ, ಆನ್‌ಲೈನಲ್ಲಿ ರ‍್ಯಾಮ್ ತರಿಸಿದ್ದಾನೆ, ವೀಡಿಯೋ ನೋಡಿ ಎಲ್ಲ ಕಲಿತಿದ್ದಾನೆ, ಸಣ್ಣದೊಂದು ಡೌಟು ಮಾತ್ರ ಉಂಟು. ನನ್ನ ಅಂಗಡಿಗೆ ಬರುವ ಸತ್ತ ಮದರ್‌ಬೋರ್ಡ್‌ಗಳೆಲ್ಲ ಹೆಚ್ಚುಕಮ್ಮಿ ಆ ಸಣ್ಣ ಡೌಟಿನಿಂದಲೇ ಸತ್ತವು. ಸ್ಕ್ರೂ ಯಾವ ಕಡೆ ತಿರುಗಿಸಬೇಕು ಅಂತ ನಾನಿಲ್ಲಿ ಹೇಳಲು ಹೋಗುವುದಿಲ್ಲ. ಕೆಳಗಿನ ಮೊದಲ ಪ್ರಶ್ನೆ ಈ ವರ್ಷವೇ ನಾಲ್ಕೈದು ಮಂದಿಯಿಂದ ಬಂದಿದೆ. ಹಾಗಾಗಿ ಜಾಗವೆಲ್ಲ ಅದಕ್ಕೇ.

ಪ್ರಶ್ನೆ: ಹಳೆಯ ಡೆಸ್ಕ್‌ಟಾಪ್‌ಗೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹಾಕಬೇಕು. ಪ್ಲಗ್ ತೆಗೆಯಬೇಡಿ, ಸ್ವಿಚ್ ಮಾತ್ರ ಆಫ್ ಮಾಡಿ, ಆಗ ಕ್ಯಾಬಿನೆಟ್ಟಿಗೆ ಅರ್ಥ್ ಸಿಗುತ್ತದೆ, ಅದನ್ನು ಮುಟ್ಟಿದರೆ ಮೈಯ ಸ್ಟ್ಯಾಟಿಕ್ (ಉಜ್ಜಾಟದಿಂದ ಮೈಯಲ್ಲಿ ಸೇರಿಕೊಳ್ಳುವ ವಿದ್ಯುತ್ತು) ಹೋಗುತ್ತದೆ ಎಂದು ವೀಡಿಯೋದಲ್ಲಿ ಹೇಳಿದ್ದಾರೆ. ಆದರೆ ನಮ್ಮ ಕ್ಯಾಬಿನೆಟ್ ಮುಟ್ಟಿದರೇ ಜುಮ್ ಅನ್ನುತ್ತದೆ. ಮಳೆಗಾಲದಲ್ಲಿ ಜಾಸ್ತಿ. ರಬ್ಬರ್ ಚಪ್ಪಲಿ ಹಾಕಿಕೊಂಡರೆ ಏನೂ ಇಲ್ಲ. ಚಪ್ಪಲಿ ಹಾಕಿಕೊಂಡು ಪ್ಲಗ್ ಇಟ್ಟೇ ಬಿಚ್ಚಬಹುದಾ? (ಪೆರ್ಲದ ಓದುಗರು)

ಉತ್ತರ: ಬೇಡ ಮಾರಾಯ್ರೆ. ಪ್ಲಗ್ ಕೀಳಿ. ಯುಪಿಎಸ್‌ಗೆ ಸಿಕ್ಕಿಸಿದ್ದರೆ ಯುಪಿಎಸ್‌ನಿಂದ ಕೀಳಿ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಯುಪಿಎಸ್ ಬ್ಯಾಟರಿಯಿಂದ ಅದೇ 230 ವೋಲ್ಟ್ ಕೊಡುತ್ತಾ ಕೀಂ ಕೀಂ ಅಂತ ಕೂಗುತ್ತಿರುತ್ತದೆ. ಆ ಕೂಗು ಕೇಳಿಸುತ್ತಿದ್ದರೂ ಒಳಗೆ ಕೈ ಹಾಕಿದವರನ್ನು ಕಂಡಿದ್ದೇನೆ.

ಈಗ ನಿಮ್ಮ ಜುಮ್ಮಿನ ವಿಷಯ. ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬಿ, ಅದರೊಳಗೆ ಎರಡು ಪುಟ್ಟ ಕೆಪಾಸಿಟರ್ ಇರುತ್ತವೆ. ಒಂದು ಫೇಸ್‌ನಿಂದ ತಗಡಿನ ಮೈಗೆ, ಇನ್ನೊಂದು ನ್ಯೂಟ್ರಲ್‌ನಿಂದ ಮೈಗೆ. ಕರೆಂಟಿನಲ್ಲಿರುವ ಗದ್ದಲ ಸೋಸುವುದು ಅವುಗಳ ಕೆಲಸ. ಹಾಗೆ ಸೋಸಿದ ಚೂರು ಕರೆಂಟು ಅರ್ಥ್ ವಯರಿನಲ್ಲಿ ಹೊರಗೆ ಹೋಗಬೇಕು. ಅರ್ಥ್ ಇಲ್ಲದಿದ್ದರೆ ಅದು ಹೋಗುವುದೆಲ್ಲಿಗೆ? ಕ್ಯಾಬಿನೆಟ್ 230ರ ಅರ್ಧದಲ್ಲಿ, ಅಂದರೆ ಸುಮಾರು 115 ವೋಲ್ಟಿನಲ್ಲಿ ನಿಂತುಬಿಡುತ್ತದೆ. ಕರೆಂಟು ಒಂದು ಮಿಲಿಆಂಪಿಯರ್‌ಗಿಂತಲೂ ಕಡಿಮೆ, ಹಾಗಾಗಿ ಬರೀ ಜುಮ್. ಮಳೆಗಾಲದಲ್ಲಿ ನಮ್ಮ ನೆಲವೆಲ್ಲ ಬೆವರುತ್ತದೆ, ಬರಿಗಾಲಲ್ಲಿ ನಿಂತರೆ ದಾರಿ ಸಲೀಸು. ಚಪ್ಪಲಿ ಹಾಕಿದರೆ ಕ್ಯಾಬಿನೆಟ್ಟಿನ ವೋಲ್ಟೇಜ್ ಎಲ್ಲೂ ಹೋಗುವುದಿಲ್ಲ, ಅದು ನಿಮಗೆ ಗೊತ್ತಾಗುವುದು ಹೋಗುತ್ತದೆ ಅಷ್ಟೆ. ಅದೇ ಕಂಪ್ಯೂಟರಿಗೆ ಟಿವಿಯ ಎಚ್‌ಡಿಎಂಐ ಸಿಕ್ಕಿಸಿದಾಗ ಆ ಪೋರ್ಟ್ ಯಾಕೆ ಸುಟ್ಟಿತು ಅಂತ ಆಮೇಲೆ ನನ್ನನ್ನು ಕೇಳುತ್ತೀರಿ.

ಅಂದರೆ ನಿಮ್ಮ ಸಾಕೆಟ್ಟಿಗೆ ಅರ್ಥ್ ಇಲ್ಲ. ವೀಡಿಯೋ ಮಾಡಿದ ಪುಣ್ಯಾತ್ಮನ ಮನೆಯಲ್ಲಿ ಇರಬಹುದು, ನಿಮ್ಮಲ್ಲಿಲ್ಲ. ಇಲ್ಲದ ಅರ್ಥನ್ನು ನಂಬಿ ಪ್ಲಗ್ ಇಟ್ಟುಕೊಂಡರೆ ಏನಾಗುತ್ತದೆ ಅಂತ ನನ್ನ ಮೊಣಕೈಯನ್ನೇ ಕೇಳಬಹುದು.

ಕಸುಬಿಗೆ ಬಂದ ಹೊಸತು. ಬದಿಯಡ್ಕದ ಕಡೆ ಒಂದು ತೋಟದ ಮನೆಗೆ ರ‍್ಯಾಮ್ ಹಾಕಲು ಹೋಗಿದ್ದೆ. ಆಗ ನಾನೂ ಈ ವೀಡಿಯೋದವನ ಹಾಗೇ. ಪ್ಲಗ್ ಇಟ್ಟು ಸ್ವಿಚ್ ಆಫ್ ಮಾಡಿ, ಎಡಗೈ ಕ್ಯಾಬಿನೆಟ್ ಮೇಲಿಟ್ಟು ಕೂತಿದ್ದೆ. ಜುಮ್ಮೂ ಇಲ್ಲ, ಏನೂ ಇಲ್ಲ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಅಮ್ಮ ಮರುದಿನದ ದೋಸೆಗೆ ಅರೆಯಲು ಗ್ರೈಂಡರ್ ಹಾಕಿದರು. ಕೈ ಎಗರಿ ಮೇಜಿನ ಅಂಚಿಗೆ ಹೊಡೆಯಿತು. ಮೂರು ಹೊಲಿಗೆ.

ಆಮೇಲೆ ನೋಡಿದರೆ ಮನೆಯ ಎಲ್ಲ ಸಾಕೆಟ್ಟುಗಳ ಅರ್ಥ್ ವಯರ್ ಒಂದಕ್ಕೊಂದು ಸೇರಿದೆ. ಆದರೆ ಹೊರಗಿನ ಅರ್ಥ್ ಗುಂಡಿಗೆ ಹೋಗುವ ವಯರ್ ಅಂಗಳಕ್ಕೆ ಕಾಂಕ್ರೀಟ್ ಹಾಕುವಾಗ ತುಂಡಾಗಿತ್ತು. ಗ್ರೈಂಡರಿನ ಮೋಟಾರ್ ಲೀಕ್ ಇತ್ತು. ಆ ಕರೆಂಟು ಮಣ್ಣಿಗಿಳಿಯಲು ದಾರಿಯಿಲ್ಲದೆ ಅರ್ಥ್ ವಯರಿನಲ್ಲೇ ಸುತ್ತಿ ನನ್ನ ಕ್ಯಾಬಿನೆಟ್ಟಿಗೆ ಬಂತು. ನೆನಪಿಡಿ, ಗೋಡೆಯ ಸ್ವಿಚ್ ಕಡಿಯುವುದು ಫೇಸ್ ಒಂದನ್ನೇ. ಅರ್ಥ್ ವಯರನ್ನು ಯಾವ ಸ್ವಿಚ್ಚೂ ಕಡಿಯುವುದಿಲ್ಲ. ಹಳೇ ವಯರಿಂಗಿನಲ್ಲಿ ಫೇಸೂ ನ್ಯೂಟ್ರಲ್ಲೂ ಅದಲುಬದಲಾಗಿದ್ದರಂತೂ ಸ್ವಿಚ್ ಆಫ್ ಮಾಡಿದರೂ ಫೇಸ್ ಒಳಗೇ ಇರುತ್ತದೆ. ಕಿತ್ತ ಪ್ಲಗ್ಗಿಗೆ ಇದ್ಯಾವ ತಲೆಬಿಸಿಯೂ ಇಲ್ಲ.

ಗುಂಡಿ ಸರಿಯಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ. ಪದವಿನ, ಅಂದರೆ ಬೋಳುಗುಡ್ಡದ ಮೇಲೆ ಮನೆ ಕಟ್ಟಿದವರ ಗುಂಡಿ ಏಪ್ರಿಲ್ ಹೊತ್ತಿಗೆ ಒಣಗಿ ಕಟ್ಟಿಗೆಯಾಗಿರುತ್ತದೆ. ಒಳ್ಳೆಯ ಅರ್ಥಿಂಗ್ 5 ಓಮ್ ಒಳಗಿರಬೇಕು. ಒಣಗಿ 500 ಓಮ್ ಆಯಿತೆನ್ನಿ, ಫೇಸ್ ಪೂರ್ತಿ ಮೈಗೆ ತಾಗಿದರೂ ಹರಿಯುವುದು ಅರ್ಧ ಆಂಪಿಯರ್ ಕೂಡ ಅಲ್ಲ. 5 ಆಂಪಿಯರಿನ ಫ್ಯೂಸ್ ಆರಾಮಾಗಿ ಮಲಗಿರುತ್ತದೆ. ಆಗ ಕಾಯುವುದು 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ ಇಎಲ್‌ಸಿಬಿ, ಅಂದರೆ ಕರೆಂಟು ಲೀಕಾದರೆ ತಾನೇ ಬೀಳುವ ಸ್ವಿಚ್. ಅದು ಪದೇ ಪದೇ ಬೀಳುತ್ತದೆ ಅಂತ ಬೈಪಾಸ್ ಮಾಡಿಸಿಕೊಂಡವರು ಕಂಪ್ಯೂಟರ್ ಬಿಚ್ಚುವ ಮಾತು ಬಿಟ್ಟು ಮೊದಲು ಅದನ್ನು ಸರಿ ಮಾಡಿಸಿ. ಬೇಸಗೆಯಲ್ಲಿ ಗುಂಡಿಗೆ ವಾರಕ್ಕೆರಡು ಕೊಡ ನೀರು ಹೊಯ್ಯಿರಿ. ಅಡಿಕೆ ಗಿಡಕ್ಕೆ ಹೊಯ್ಯುತ್ತೀರಿ, ಇದಕ್ಕೆ ಯಾಕೆ ಜಿಪುಣತನ?

ಜುಮ್ ಅನ್ನುವುದನ್ನು ಐದೇ ನಿಮಿಷದಲ್ಲಿ ಸರಿ ಮಾಡಿಕೊಡುವ ಮಹಾನುಭಾವರೂ ಇದ್ದಾರೆ. ಸಾಕೆಟ್ ಬಿಚ್ಚುತ್ತಾರೆ, ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ಗೇಣು ವಯರ್ ಹಾಕುತ್ತಾರೆ, ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಜುಮ್ ಮಾಯ. ಗಾಳಿಮಳೆಗೆ ಎಲ್ಲಾದರೂ ನ್ಯೂಟ್ರಲ್ ಕಡಿದ ದಿನ ಪೂರ್ತಿ 230 ವೋಲ್ಟ್ ನಿಮ್ಮ ಕ್ಯಾಬಿನೆಟ್ಟಿನ ಮೈಮೇಲೆ ಇರುತ್ತದೆ. ಆಗ ಜುಮ್ ಅನ್ನುವುದಿಲ್ಲ, ಹಿಡಿದುಕೊಳ್ಳುತ್ತದೆ. ಇದಕ್ಕಿಂತ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸುವವನೇ ವಾಸಿ, ಅವನ ತಪ್ಪು ಕಣ್ಣಿಗಾದರೂ ಕಾಣುತ್ತದೆ. ಲೈಸೆನ್ಸ್ ಇರುವ ವಯರ್‌ಮ್ಯಾನ್ ಕರೆಸಿ, ಫೇಸ್ ಮತ್ತು ಅರ್ಥ್ ನಡುವೆ ಎಷ್ಟಿದೆ, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟಿದೆ ಅಂತ ಅಳೆಸಿ. ಬಲ್ಬ್ ಹಿಡಿದುಕೊಂಡು ನೀವೇ ಪರೀಕ್ಷೆ ಮಾಡಲು ಹೋಗಬೇಡಿ.

ಹಾಗಾದರೆ ಸ್ಟ್ಯಾಟಿಕ್? ಅದು ಸುಳ್ಳಲ್ಲ. ಬೆರಳಿನಿಂದ ಚಿಟ್ ಅಂದದ್ದು ನಮಗೆ ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಚಿಪ್ಪಿಗೆ ಅದರಲ್ಲೊಂದು ಸಣ್ಣ ಪಾಲು ಸಾಕು, ಅಂದರೆ ನಿಮಗೆ ಗೊತ್ತೇ ಆಗದ ಹಾಗೆ ಕೆಟ್ಟಿರುತ್ತದೆ. ನಮ್ಮ ಊರಿನ ತೇವದ ಗಾಳಿಯಲ್ಲಿ ಇದರ ಕಾಟ ಕಡಿಮೆ. ಎಸಿ ಕೋಣೆ, ನೈಲಾನ್ ಬಟ್ಟೆ, ಡಿಸೆಂಬರಿನ ಒಣ ಹವೆಯಲ್ಲಿ ಸ್ವಲ್ಪ ಜಾಗ್ರತೆ. ಆದರೆ ಇದಕ್ಕೆ ಅರ್ಥೇ ಬೇಕು ಅಂತಿಲ್ಲ. ನೀವು, ಕ್ಯಾಬಿನೆಟ್, ಹೊಸ ರ‍್ಯಾಮ್, ಮೂರೂ ಒಂದೇ ವೋಲ್ಟೇಜಿನಲ್ಲಿದ್ದರೆ ಸಾಕು. ವ್ಯತ್ಯಾಸವೇ ಇಲ್ಲದಿದ್ದರೆ ಹಾರುವ ಕಿಡಿ ಎಲ್ಲಿಂದ?

ನಾನು ಮಾಡುವುದು ಹೀಗೆ. ಶಟ್‌ಡೌನ್ ಮಾಡಿ ಪವರ್, ಮಾನಿಟರ್, ನೆಟ್ ಎಲ್ಲ ಕೇಬಲ್ಲೂ ಕಿತ್ತು ಹಾಕುತ್ತೇನೆ. ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯುತ್ತೇನೆ. ಕಂಪ್ಯೂಟರ್ ಆಫ್ ಆಗಿದ್ದರೂ ಪ್ಲಗ್ ಇರುವಷ್ಟು ಹೊತ್ತು ಬೋರ್ಡಿನಲ್ಲಿ 5 ವೋಲ್ಟ್ ಸ್ಟ್ಯಾಂಡ್‌ಬೈ ಓಡುತ್ತಿರುತ್ತದೆ. ಎಷ್ಟೋ ಬೋರ್ಡುಗಳಲ್ಲಿ ಅದಕ್ಕೊಂದು ಪುಟ್ಟ ಲೈಟ್ ಇರುತ್ತದೆ, ಬಟನ್ ಒತ್ತಿದರೆ ಮಿಣುಕಿ ಆರುತ್ತದೆ. ಆರಿದ ಮೇಲೆಯೇ ಕೈ ಒಳಗೆ. ಪೇಂಟ್ ಇಲ್ಲದ ತಗಡಿಗೆ ಎಡ ಮುಂಗೈ ತಾಗಿಸಿಟ್ಟು, ರ‍್ಯಾಮಿನ ಬೆಳ್ಳಿ ಬಣ್ಣದ ಕವರನ್ನೂ ಅದೇ ತಗಡಿಗೆ ಒಮ್ಮೆ ಮುಟ್ಟಿಸಿ, ಆಮೇಲೆ ಕವರ್ ಹರಿಯುತ್ತೇನೆ. ಹಾಸಿಗೆಯ ಮೇಲೆ, ಕಂಬಳಿಯ ಮೇಲೆ ಈ ಕೆಲಸ ಬೇಡ. ಮರದ ಮೇಜು ಸಾಕು.

ಸ್ಟ್ಯಾಟಿಕ್ ಇಳಿಸುವ ಮಣಿಕಟ್ಟಿನ ಪಟ್ಟಿ ಕೊಂಡರೆ ಒಳ್ಳೆಯದೇ, ಕ್ಲಿಪ್ಪನ್ನು ಕ್ಯಾಬಿನೆಟ್ಟಿಗೆ ಹಾಕಿ. ಅದರೊಳಗೆ 1 ಮೆಗಾಓಮ್ ರೆಸಿಸ್ಟರ್ ಇರುತ್ತದೆ, ತಪ್ಪಿ ಫೇಸ್ ಮುಟ್ಟಿದರೂ ಪಟ್ಟಿಯ ದಾರಿಯಲ್ಲಿ ಕಾಲು ಮಿಲಿಆಂಪಿಯರಿನಷ್ಟೂ ಹರಿಯದು. ಕಳೆದ ವರ್ಷ ಒಬ್ಬ ಹುಡುಗ ಬರೀ ತಾಮ್ರದ ವಯರನ್ನು ಕೈಗೆ ಸುತ್ತಿ, ಇನ್ನೊಂದು ತುದಿಯನ್ನು ಸಾಕೆಟ್ಟಿನ ಅರ್ಥ್ ತೂತಿಗೆ ತುರುಕಿದ ಫೋಟೋ ಕಳಿಸಿ, ಸರಿ ಉಂಟಾ ಅಂತ ಕೇಳಿದ್ದ. ನನಗೆ ಗ್ರೈಂಡರಿನ ನೆನಪಾಯಿತು. ಕೂಡಲೇ ಫೋನ್ ಮಾಡಿ ಅವನ ಅಪ್ಪನಿಗೆ ಕೊಡಲು ಹೇಳಿದೆ.

ಪ್ರಶ್ನೆ: ಡಿಡಿಆರ್3 ಬೋರ್ಡಿಗೆ ಡಿಡಿಆರ್4 ರ‍್ಯಾಮ್ ಜೋರಾಗಿ ಒತ್ತಿದರೆ ಕೂರುತ್ತದಾ? (ಕುಂಬಳೆ)

ಉತ್ತರ: ಇಲ್ಲ. ಡಿಡಿಆರ್3ರಲ್ಲಿ 240 ಪಿನ್, ಡಿಡಿಆರ್4ರಲ್ಲಿ 288, ನಡುವಿನ ಕಚ್ಚೂ ಬೇರೆ ಕಡೆ. ಒತ್ತಿದರೆ ಸ್ಲಾಟ್ ಒಡೆಯುತ್ತದೆ.

ಪ್ರಶ್ನೆ: ರ‍್ಯಾಮ್ ಹಾಕಿದ ಮೇಲೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು. ಬೋರ್ಡ್ ಹೋಯಿತೆಂದು ಅಂಗಡಿಯವರು ಹೇಳಿದರು. (ಮುಳ್ಳೇರಿಯ)

ಉತ್ತರ: ಬಿಚ್ಚಿ ನೋಡಿ ಹೇಳಿದರಾ, ಫೋನಿನಲ್ಲೇ ಹೇಳಿದರಾ? ಪ್ಲಗ್ ಕಿತ್ತು ರ‍್ಯಾಮ್ ತೆಗೆದು ಮತ್ತೆ ಹಾಕಿ. ಎರಡೂ ತುದಿ ಟಕ್ ಅನ್ನಬೇಕು, ಜನ ಹೆದರಿ ಒಂದೇ ತುದಿ ಒತ್ತುತ್ತಾರೆ. ಆಮೇಲೂ ಕಪ್ಪಾದರೆ ಹಳೆಯದೊಂದನ್ನೇ ಹಾಕಿ ನೋಡಿ. ಅದರಲ್ಲಿ ಬಂದರೆ ಬೋರ್ಡ್ ಗಟ್ಟಿಯಾಗಿದೆ, ಅಂಗಡಿ ಬದಲಿಸಿ.

ಪ್ರಶ್ನೆ: ಎಸ್‌ಎಂಪಿಎಸ್ ಬಿಚ್ಚಿ ಧೂಳು ತೆಗೆಯಬಹುದಾ? ಒಳಗೆ ಹಲ್ಲಿ ಸತ್ತ ವಾಸನೆ. (ಮಂಜೇಶ್ವರ)

ಉತ್ತರ: ಬೇಡ. ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ 300ಕ್ಕಿಂತ ಜಾಸ್ತಿ ವೋಲ್ಟ್ ಉಳಿದಿರಬಹುದು. ಹಲ್ಲಿಗೆ ಆದದ್ದು ನಿಮಗೆ ಆಗುವುದು ಬೇಡ, ಹೊಸತು ಹಾಕಿಸಿ.

ಪ್ರಶ್ನೆ: ಆಯುಧಪೂಜೆಗೆ ಕಂಪ್ಯೂಟರ್ ಪೂಜೆ ಮಾಡುತ್ತೇವೆ. ತೊಂದರೆ ಇಲ್ಲವಲ್ಲ? (ನೀರ್ಚಾಲು)

ಉತ್ತರ: ಮಾಡಿ. ಕುಂಕುಮವನ್ನು ಪಕ್ಕದ ತಗಡಿಗೆ ಹಚ್ಚಿ, ಫ್ಯಾನಿನ ಜಾಲರಿಗೆ ಬೇಡ, ಪುಡಿ ಒಳಗೆ ಎಳೆದುಕೊಳ್ಳುತ್ತದೆ. ನೀರು ಚಿಮುಕಿಸುವುದಾದರೆ ಕೀಬೋರ್ಡ್ ದೂರವಿಡಿ. ಮೇಲೆ ಇಟ್ಟ ಅವಲಕ್ಕಿ ಬೆಲ್ಲವನ್ನು ಅದೇ ದಿನ ತೆಗೆಯಿರಿ. ಹೋದ ವರ್ಷ ಒಂದು ಕ್ಯಾಬಿನೆಟ್ಟಿನಿಂದ ಅರ್ಧ ಗೆರಟೆ ಇರುವೆ ತೆಗೆದಿದ್ದೇನೆ.