ಅಕ್ಕಪಕ್ಕದ ರಾಜ್ಯ ಸರ್ಕಾರಗಳು ಒಟ್ಟಿಗೆ ಕೂತು ಮಾತಾಡುವ ವ್ಯವಸ್ಥೆ ನಮ್ಮಲ್ಲಿ ಇದೆಯಾ?

ಇದೆ. ನಮಗೆ ಸಂಬಂಧಪಟ್ಟಿದ್ದು ದಕ್ಷಿಣ ವಲಯ ಮಂಡಳಿ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯಡಿ ಹುಟ್ಟಿದ ಐದು ಮಂಡಳಿಗಳಲ್ಲಿ ಇದೂ ಒಂದು. ಕೇಂದ್ರ ಗೃಹ ಸಚಿವರು ಅಧ್ಯಕ್ಷರು. ಮುಖ್ಯಮಂತ್ರಿಗಳು ಸರದಿಯಂತೆ ವರ್ಷಕ್ಕೊಬ್ಬರು ಉಪಾಧ್ಯಕ್ಷರು.

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರನ್ನೇ ನೋಡಿ. ಮಗ್ಗುಲಲ್ಲೇ ಆಂಧ್ರದ ರಾಯದುರ್ಗ. ಎಷ್ಟೋ ಮನೆಗಳಲ್ಲಿ ತೆಲುಗು ಮಾತು, ಮಕ್ಕಳು ಓದುವುದು ಕನ್ನಡ ಶಾಲೆಯಲ್ಲಿ. ಜನ ದಿನಾ ಗಡಿ ದಾಟಿ ಓಡಾಡುತ್ತಾರೆ. ಗಡಿ ತಕರಾರು, ಭಾಷಾ ಅಲ್ಪಸಂಖ್ಯಾತರು, ರಾಜ್ಯಗಳ ನಡುವಿನ ಸಾರಿಗೆ, ಈ ಮೂರನ್ನೂ ಮಂಡಳಿ ಚರ್ಚಿಸಬಹುದು ಅಂತ ಕಾಯ್ದೆಯಲ್ಲೇ ಬರೆದಿದೆ. ಮೊದಲು ಮುಖ್ಯ ಕಾರ್ಯದರ್ಶಿಗಳ ಸ್ಥಾಯಿ ಸಮಿತಿ ವಿಷಯಗಳನ್ನು ಸೋಸುತ್ತದೆ. ಅಲ್ಲಿ ಬಗೆಹರಿಯದಿದ್ದರೆ ಮಂಡಳಿಯ ಮುಂದೆ ಬರುತ್ತದೆ.

ಮಂಡಳಿ ಸಲಹೆ ಕೊಡಬಹುದು ಅಷ್ಟೇ, ಆದೇಶ ಹೊರಡಿಸುವಂತಿಲ್ಲ. ಗಡಿ ಊರುಗಳ ಸಲುವಾಗಿಯಾದರೂ ಸಭೆಗಳು ಇನ್ನೂ ಜಾಸ್ತಿ ನಡೆಯಬೇಕು ಅನ್ನುವುದು ನನ್ನ ಅಭಿಪ್ರಾಯ.